ತಾಂಜಾನಿಯಾದ ಕತ್ತಾಳೆ

ನಮ್ಮ ಹೊಲಗಳ ಬೇಲಿಯಲ್ಲಿ ಬೆಳೆಯುವ ಕತ್ತಾಳೆಯನ್ನು ಯಾರೂ ಸಂಪತ್ತೆಂದು ಎಣಿಸುವುದಿಲ್ಲ. ಆದರೆ ಪೂರ್ವ ಆಫ್ರಿಕದ ತಾಂಜಾನಿಯಾ ಹಲವು ದಶಕಗಳ ಕಾಲ ಇದೇ ಕುಲದ ‘ಸೀಸಲ್’ ಗಿಡವನ್ನು ನಂಬಿ ಬದುಕಿತು.

ಸೀಸಲ್ ಮೂಲತಃ ಮೆಕ್ಸಿಕೋದ ಸಸ್ಯ. ತಾಂಜಾನಿಯಾದ ಮುಖ್ಯ ಭೂಭಾಗವಾದ ಟಾಂಗನೀಕ ಜರ್ಮನರ ವಸಾಹತಾಗಿದ್ದಾಗ, 1893ರಲ್ಲಿ ಹಿಂಡಾರ್ಫ್ ಎಂಬ ಕೃಷಿತಜ್ಞನು ಫ್ಲಾರಿಡಾದಿಂದ ಸಾವಿರ ಸಸಿಗಳನ್ನು ತರಿಸಿದನು. ದೀರ್ಘ ಪ್ರಯಾಣದಲ್ಲಿ ಉಳಿದವು ಕೇವಲ 62. ಅಲ್ಲಿನ ಉದ್ಯಮವೆಲ್ಲ ಮೊಳೆತದ್ದು ಆ 62 ಗಿಡಗಳಿಂದ!

ಸೀಸಲಿನ ಎಲೆಯನ್ನು ಯಂತ್ರದಲ್ಲಿ ಜಜ್ಜಿ, ತಿರುಳು ತೆಗೆದು, ತೊಳೆದು ಒಣಗಿಸಿದರೆ ಗಟ್ಟಿಯಾದ ನಾರು ದೊರೆಯುತ್ತದೆ. ನೂರು ಮಣ ಎಲೆಗೆ ನಾರು ನಾಲ್ಕೈದು ಮಣವಷ್ಟೆ. ಆದ್ದರಿಂದ ಕಾರ್ಖಾನೆಯು ತೋಟದ ಮಗ್ಗುಲಲ್ಲಿಯೇ ಇರಬೇಕು. ಮುಳ್ಳಿನ ಎಲೆಗಳನ್ನು ಕೊಯ್ಯುವ ಕಷ್ಟದ ಕೆಲಸಕ್ಕೆ ದೂರದ ಪ್ರಾಂತಗಳಿಂದ, ನೆರೆಯ ನಾಡುಗಳಿಂದ ಕೂಲಿಗಳು ಬರುತ್ತಿದ್ದರು. ಲಾಭ ಮಾತ್ರ ಬಹುಮಟ್ಟಿಗೆ ತೋಟದ ಒಡೆಯರ ಪಾಲಾಯಿತು.

ಮೊದಲನೆಯ ಮಹಾಯುದ್ಧದ ಅನಂತರ ಬ್ರಿಟಿಷರ ಆಳ್ವಿಕೆಗೆ ಬಂದ ಟಾಂಗನೀಕ 1961ರಲ್ಲಿ ಸ್ವತಂತ್ರವಾಯಿತು. 1964ರಲ್ಲಿ ಜಾಂಜಿಬಾರ್ ದ್ವೀಪಗಳೊಡನೆ ಕೂಡಿ ತಾಂಜಾನಿಯಾ ಎನಿಸಿತು. ಆ ವರ್ಷ ಅಲ್ಲಿ ಸುಮಾರು 2.3 ಲಕ್ಷ ಟನ್ ನಾರು ಸಿದ್ಧವಾಯಿತು. ಅಷ್ಟನ್ನು ಜಗತ್ತಿನ ಬೇರಾವ ದೇಶವೂ ತೆಗೆಯುತ್ತಿರಲಿಲ್ಲ. ಅಷ್ಟರಲ್ಲಿ ಕೃತಕ ನೂಲಿನ ಹಗ್ಗ ಮಾರುಕಟ್ಟೆಗೆ ಬಂದು ನಾರಿನ ಬೆಲೆ ಕುಸಿಯಿತು. 1967ರ ಅರುಷಾ ಘೋಷಣೆಯ ಬಳಿಕ ಅಧ್ಯಕ್ಷ ಜೂಲಿಯಸ್ ನೈರೇರೆಯವರ ಸರ್ಕಾರ ಬಹುಪಾಲು ತೋಟಗಳನ್ನು ರಾಷ್ಟ್ರೀಕರಿಸಿತು. ಉದ್ದೇಶ ಉದಾತ್ತವಾಗಿದ್ದಿತು, ತೋಟಗಳು ಚೇತರಿಸಲಿಲ್ಲ. 1990ರ ದಶಕದ ಕೊನೆಯ ವೇಳೆಗೆ ಉತ್ಪನ್ನವು ಮೂವತ್ತು ಸಾವಿರ ಟನ್ನಿಗಿಂತಲೂ ಕೆಳಗಿಳಿದಿತ್ತು.

ಆಮೇಲೆ ತೋಟಗಳು ಮತ್ತೆ ಖಾಸಗಿಯವರ ಕೈಸೇರಿದವು. ಈಗ ಟಾಂಗಾ ಪ್ರಾಂತದಲ್ಲಿ ಸಣ್ಣ ರೈತರೂ ತಮ್ಮ ತುಂಡು ನೆಲದಲ್ಲಿ ಸೀಸಲ್ ಬೆಳೆದು ಎಲೆಯನ್ನು ಕಾರ್ಖಾನೆಗೆ ಒಪ್ಪಿಸುತ್ತಿದ್ದಾರೆ.