ಉಣ್ಣೆಯ ತೋಟದ ನೀಲಿ ಎಲೆಗಳು

ಹಳೆಯ ಹೂಗಂಬಳಿಯನ್ನು ಕಂಡವರು ಕೆಲವೊಮ್ಮೆ ಬೆರಗಾಗುವುದುಂಟು: ಹೂವೇನೋ ಹೂವಿನಂತಿದೆ, ಎಲೆಗಳು ಮಾತ್ರ ನೀಲಿ! ಹೊಲಿದವರಿಗೆ ಹಸುರು ನೂಲು ದೊರೆಯಲಿಲ್ಲವೆ? ದೊರೆತಿತ್ತು. ಆ ಹಸುರು ಎಲ್ಲಿ ಹೋಯಿತೆಂಬುದೇ ವಿಚಾರಿಸಬೇಕಾದ ಸಂಗತಿ.

ಪೋರ್ಚುಗಲ್ಲಿನ ಆಲೆಂತೇಜೊ ಸೀಮೆಯಲ್ಲಿ ಅರ್ರಾಯೊಲೋಸ್ ಎಂಬ ಚಿಕ್ಕ ಊರಿದೆ. ಉಣ್ಣೆಯ ನೆಲಹಾಸುಗಳಿಗೆ ಅದು ಶತಮಾನಗಳಿಂದ ಹೆಸರಾದುದು. ರತ್ನಗಂಬಳಿಯೆಂದೊಡನೆ ನಮಗೆ ಮಗ್ಗವೂ ಗಂಟುಗಳೂ ನೆನಪಾಗುತ್ತವೆ. ಇಲ್ಲಿ ಮಗ್ಗ ಬೇಕಾದುದು ತಳದ ಒರಟು ಬಟ್ಟೆಯನ್ನು ನೇಯುವುದಕ್ಕೆ ಮಾತ್ರ. ಅದು ಹಿಂದೆ ಅಗಸೆನಾರಿನದು; ಅನಂತರ ಸೆಣಬಿನದೂ ಬಳಕೆಗೆ ಬಂದಿತು. ಅದರ ಎಳೆಗಳನ್ನೆಣಿಸುತ್ತ, ದಪ್ಪ ಸೂಜಿಯಿಂದ, ಒಂದು ತೋಳು ನೀಳವಾದ ಕತ್ತರಿ ಹೊಲಿಗೆಯಲ್ಲಿ ಹೂಬಳ್ಳಿಗಳನ್ನು ತುಂಬುತ್ತಾರೆ. ಧಾರವಾಡದ ಕಸೂತಿಯನ್ನು ಬಲ್ಲವರಿಗೆ ಎಳೆಯೆಣಿಸುವ ಕ್ರಮ ಹೊಸದಲ್ಲ. ಅಲ್ಲಿಯ ಮೆಂತಿಯೂ ಕತ್ತರಿ ಹೊಲಿಗೆಯೇ. ಆದರೆ ಕಸೂತಿಯಲ್ಲಿ ಸೀರೆಯ ಮೈ ತೆರೆದೇ ಉಳಿಯುತ್ತದೆ. ಇಲ್ಲಿ ಹೂವಿನ ಸುತ್ತಣ ಬಯಲನ್ನೂ ಉಣ್ಣೆಯಿಂದಲೇ ಮುಚ್ಚಬೇಕು. ಸೆಂಟಿಮೀಟರಿಗೆ ೩ ಹೊಲಿಗೆಯೆಂದಿಟ್ಟುಕೊಂಡರೂ ಒಂದು ಚದರ ಮೀಟರಿಗೆ ೯೦,೦೦೦ ಹೊಲಿಗೆಗಳಾದುವು!

ಇನ್ನು ಬಣ್ಣ. ಪಟಿಕದ ನೀರಿನಲ್ಲಿ ಅದ್ದಿದ ಉಣ್ಣೆಗೆ ಅನೇಕ ಸಸ್ಯವರ್ಣಗಳು ಭದ್ರವಾಗಿ ಅಂಟುತ್ತವೆ. ಯೂರೋಪಿನ ವೆಲ್ಡ್ ಎಂಬ ಗಿಡದಿಂದ ಸೊಗಸಾದ ಹಳದಿ ಬರುತ್ತದೆ. ನೀಲಿಯ ರೀತಿ ಬೇರೆ. ಅದು ನೀರಿನಲ್ಲಿ ಕರಗದು. ಬಾನಿಯಲ್ಲಿ ಅದನ್ನು ಅಪಕರ್ಷಿಸಿ ಕರಗುವಂತೆ ಮಾಡಿ ನೂಲನ್ನದ್ದುತ್ತಾರೆ. ಮೇಲಕ್ಕೆತ್ತಿದಾಗ ಗಾಳಿಯ ಆಮ್ಲಜನಕ ಸೋಕಿ ನೂಲಿನೊಳಗೇ ನೀಲಿ ಮೈದಳೆಯುತ್ತದೆ. ಒಳ್ಳೆಯ ಹಸುರನ್ನು ಕೊಡುವ ಸಸ್ಯವರ್ಣ ಅಪರೂಪವಾದುದರಿಂದ, ನೀಲಿಯ ಜೊತೆಗೆ ಹಳದಿಯನ್ನು ಸೇರಿಸಿಯೇ ಎಲೆಗಳಿಗೆ ಬಣ್ಣ ಕೊಡುತ್ತಿದ್ದರು.

ವೆಲ್ಡಿನ ಹಳದಿಗೆ ಕಾರಣವಾದ ಲ್ಯೂಟಿಯೊಲಿನ್ನಿನ ಅಣು ಬೆಳಕಿನ ಪೆಟ್ಟಿಗೆ ಬೇಗ ಒಡೆಯುತ್ತದೆ. ನೀಲಿ ಬಹುಕಾಲ ತಾಳುತ್ತದೆ. ಮರದ ಎಲೆ ಮುಪ್ಪಿನಲ್ಲಿ ಹಳದಿಯಾಗುತ್ತದೆ. ಉಣ್ಣೆಯ ಎಲೆಯಲ್ಲಿ ಹಳದಿಯೇ ಮೊದಲು ಉದುರುತ್ತದೆ. ಸಂಶಯವಿದ್ದವರು ಅಂತಹ ಕಂಬಳಿಯ ಹಿಂಬದಿಯನ್ನು ನೋಡಬಹುದು. ಬೆಳಕು ಕಾಣದ ಆ ಮಗ್ಗುಲಲ್ಲಿ ಎಲೆಗಳು ಇನ್ನೂ ಹಸುರಾಗಿರುವ ಸಂಭವವುಂಟು.

ಜನರು ಹೆಚ್ಚು ಹೆದರುವುದು ಬೆಳಕಿಗಲ್ಲ, ನುಸಿಗೆ. ಹಾರುವ ನುಸಿ ನಿರಪರಾಧಿ. ಅದು ಏನನ್ನೂ ತಿನ್ನುವುದೇ ಇಲ್ಲ. ತಿನ್ನುವುದು ಅದರ ಮರಿಹುಳು. ಉಣ್ಣೆಯ ಕೆರಾಟಿನ್ ಎಂಬ ಪ್ರೋಟೀನಿನ ಸರಪಳಿಗಳನ್ನು ಗಂಧಕದ ಕೊಂಡಿಗಳು ಬಿಗಿದಿರುತ್ತವೆ. ನಮ್ಮ ಜಠರ ಅದನ್ನು ಅರಗಿಸಲಾರದು. ಈ ಹುಳುವಿನ ಕರುಳಿನ ತೀವ್ರ ಕ್ಷಾರರಸವಾದರೋ ಆ ಕೊಂಡಿಗಳನ್ನು ಕಳಚಿಬಿಡುತ್ತದೆ. ಕತ್ತಲೆಯೂ ನಿಶ್ಚಲತೆಯೂ ಅದಕ್ಕೆ ಪ್ರಿಯ. ಮಂಚದಡಿಯ ಮೂಲೆಯಲ್ಲಿ ಅದು ಹೂವೊಂದನ್ನು ಪೂರ್ತಿ ಮೇಯಬಲ್ಲದು. ಆದರೆ ಅಗಸೆನಾರು, ಸೆಣಬುಗಳು ಸೆಲ್ಯುಲೋಸಿನವು. ಅವು ಅದರ ಆಹಾರವಲ್ಲ. ತಳಬಟ್ಟೆ ಉಳಿದಿದ್ದರೆ ಬಲ್ಲವರು ಎಳೆಯೆಣಿಸಿ ಹೂವನ್ನು ಮತ್ತೆ ಹೊಲಿಯಬಹುದು.

ಬಿಸಿಲು ಕಸಿದ ಬಣ್ಣಕ್ಕೆ ಅಂತಹ ರಿಪೇರಿಯಿಲ್ಲ. ಆದುದರಿಂದ ನನ್ನ ಮಟ್ಟಿಗೆ ನುಸಿಗಿಂತ ತೆರೆದ ಕಿಟಕಿಯೇ ದೊಡ್ಡ ಶತ್ರು. ಇಂತಹ ಕಂಬಳಿಯುಳ್ಳವರು ನೇರ ಬಿಸಿಲು ಬೀಳದೆಡೆಯಲ್ಲಿ ಹಾಸಿ, ಆಗಾಗ ದಿಕ್ಕು ತಿರುಗಿಸಿ, ನೆರಳಿನಲ್ಲೇ ಕೊಡವಲಿ. ಬಿಸಿನೀರು, ಬಟ್ಟೆಸೋಡಾಗಳು ಬೇಡ. ಸೋಡಾದ ಕ್ಷಾರವೂ ಉಣ್ಣೆಯನ್ನು ಕೆಡಿಸುವುದು.