ಲ್ಯಾಪ್‌ಟಾಪ್ ಅತಿಯಾಗಿ ಬಿಸಿಯಾದರೆ ಪರಿಹಾರವೇನು?

ಪ್ರಶ್ನೆ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಭಾಗಗಳಲ್ಲಿ ಬೇಸಿಗೆ ಬಂತೆಂದರೆ ಲ್ಯಾಪ್‌ಟಾಪ್ ಕಾದು ನಿಧಾನವಾಗುವುದೇಕೆ?

ಉತ್ತರ: ಲೆಕ್ಕಾಚಾರ ನಡೆಸುವ ಚಿಪ್ ಆದ ಪ್ರೊಸೆಸರ್ ಬಳಸುವ ವಿದ್ಯುತ್ತು ಬಹುಮಟ್ಟಿಗೆ ಶಾಖವಾಗಿ ಮಾರ್ಪಡುತ್ತದೆ, ಆ ಶಾಖವನ್ನು ತಾಮ್ರದ ನಳಿಕೆಯು ಲೋಹದ ತೆಳುಪಟ್ಟಿಗಳಿಗೆ ಸಾಗಿಸಿದರೆ, ಫ್ಯಾನು ಗಾಳಿಯ ಮೂಲಕ ಅದನ್ನು ಹೊರಹಾಕುತ್ತದೆ. ಜಗಳೂರಿನಂತಹ ಒಣಸೀಮೆಯಲ್ಲಿ ಒಳಸೇರುವ ಗಾಳಿಯೇ ಬಿಸಿಯಾಗಿದ್ದು, ಪಟ್ಟಿಗಳ ನಡುವೆ ಧೂಳೂ ಕಟ್ಟಿಕೊಂಡಾಗ ಶಾಖ ಒಳಗೇ ಉಳಿಯುತ್ತದೆ; ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ಅನೇಕ ಪ್ರೊಸೆಸರ್‌ಗಳು ಸ್ವರಕ್ಷಣೆಗಾಗಿ ವೇಗವನ್ನು ತಗ್ಗಿಸಿಕೊಳ್ಳುತ್ತವೆ.

ಆದ್ದರಿಂದ ಯಂತ್ರವನ್ನು ಹಾಸಿಗೆಯ ಬದಲು ಗಟ್ಟಿಯಾದ ಸಮತಲದ ಮೇಲಿಡುವುದು, ಪೂರ್ಣವಾಗಿ ಆರಿಸಿದ ಬಳಿಕ ಫ್ಯಾನಿನ ರೆಕ್ಕೆ ತಿರುಗದಂತೆ ಹಿಡಿದು ಧೂಳು ತೆಗೆಯುವುದು, ಹಳೆಯದಾಗಿದ್ದರೆ ಚಿಪ್ಪಿನಿಂದ ಲೋಹಕ್ಕೆ ಶಾಖ ದಾಟಿಸುವ ಥರ್ಮಲ್ ಪೇಸ್ಟನ್ನು ತಂತ್ರಜ್ಞರಿಂದ ಬದಲಾಯಿಸುವುದು ಅವಶ್ಯಕ. ಬ್ಯಾಟರಿ ಉಬ್ಬಿದ್ದರೆ ಬೆಂಕಿಯ ಅಪಾಯವಿರುವುದರಿಂದ ಬಳಕೆಯನ್ನು ತಕ್ಷಣವೇ ನಿಲ್ಲಿಸಬೇಕು.