ನಡುವಿನ ಕುರ್ಚಿ ಖಾಲಿ

ನವೆಂಬರ್ ಬಂತೆಂದರೆ ಬ್ಯಾಂಕಿನ ಕೌಂಟರುಗಳ ಮುಂದೆ ವಯಸ್ಸಾದವರದೇ ಸಾಲು. ಪಿಂಚಣಿ ನಿಲ್ಲದೆ ಬರಬೇಕಾದರೆ ತಾವು ಬದುಕಿದ್ದೇವೆಂದು ವರ್ಷಕ್ಕೊಮ್ಮೆ ಬರೆದುಕೊಡಬೇಕು. 2015ರ ನವೆಂಬರಿನಲ್ಲಿ ಮಲೆನಾಡಿನ ಅಂಚಿನಲ್ಲಿದ್ದ ನಮ್ಮ ಶಾಖೆಗೆ ಎಂಬತ್ತು ದಾಟಿದ ಅಜ್ಜಿಯೊಬ್ಬರು ಮೊಮ್ಮಗನ ತೋಳು ಹಿಡಿದು ಬಂದರು. ಹಣ ತೆಗೆಯುವ ಚೀಟಿಗೆ ಅವರು ಹಾಕಿದ ಸಹಿ ಕಂಪ್ಯೂಟರಿನಲ್ಲಿದ್ದ ಸಹಿಗೆ ಹೊಂದಲಿಲ್ಲ. ಕೈ ನಡುಗಿ ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು. ಕೌಂಟರಿನಲ್ಲಿದ್ದ ಹುಡುಗ ಆಂಧ್ರದವನು, ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಇನ್ನೊಮ್ಮೆ ಹಾಕಿ ಅಂದ. ಮೂರು ಸಲ ಹಾಕಿದರೂ ಅದೇ ಕಥೆ.

ಹೆಡ್ ಕ್ಯಾಷಿಯರ್ ರಾಯರು ಎದ್ದು ಬಂದರು. “ಪಾಸ್ ಮಾಡಪ್ಪಾ, ಇವರು ಮೇಷ್ಟ್ರ ಮನೆಯವರು. ಇಪ್ಪತ್ತು ವರ್ಷದಿಂದ ನೋಡ್ತಿದೀನಿ.”

“ನಿಮಗೆ ಗೊತ್ತು ಸರ್. ಸಿಸ್ಟಮ್ಮಲ್ಲಿ ಬೀಳೋದು ನನ್ನ ಐಡಿ” ಅಂದ ಹುಡುಗ, ಆಗಷ್ಟೇ ಕಲಿಯುತ್ತಿದ್ದ ಕನ್ನಡದಲ್ಲಿ.

ರಾಯರ ಮುಖ ಕೆಂಪಾಯಿತು. ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಮ್ಯಾನೇಜರಾಗಿದ್ದ ನಾನು ಹೊರಗೆ ಬರುವಷ್ಟರಲ್ಲಿ ಹುಡುಗ ರಿಸರ್ವ್ ಬ್ಯಾಂಕಿನ ಸೂಚನೆಯೊಂದನ್ನು ಹುಡುಕಿ ತೆಗೆದಿದ್ದ. ಸಹಿ ಹಾಕಲಾಗದ ವೃದ್ಧರಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳಬಹುದು, ಆದರೆ ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿಗಳು ಬೇಕು, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಒಂದು ಸಾಕ್ಷಿ ನಾನೇ ಹಾಕಿದೆ. ಇನ್ನೊಬ್ಬರು ಯಾರು? ಅಜ್ಜಿಯನ್ನೂ ಬ್ಯಾಂಕನ್ನೂ ಬಲ್ಲ ಎದುರಿನ ಔಷಧಿ ಅಂಗಡಿಯವರನ್ನು ರಾಯರು ಹೋಗಿ ಕರೆತಂದರು. ಆಮೇಲೆ ಅಜ್ಜಿಯ ಹೆಬ್ಬೆರಳನ್ನು ಇಂಕ್ ಪ್ಯಾಡಿಗೆ ಮೆಲ್ಲಗೆ ಒತ್ತಿ, ಕಾಗದದ ಮೇಲಿಟ್ಟು, ತಮ್ಮ ಕರವಸ್ತ್ರದಲ್ಲಿ ಶಾಯಿ ಒರೆಸಿದರು. ನಿಯಮ ಗೊತ್ತಿದ್ದದ್ದು ಹುಡುಗನಿಗೆ, ಮನುಷ್ಯರು ಗೊತ್ತಿದ್ದದ್ದು ರಾಯರಿಗೆ. ಆದರೂ ಅವರಿಬ್ಬರು ಆಮೇಲೆ ಎರಡು ವಾರ ಮಾತಾಡಲಿಲ್ಲ.

ಇಂಥದ್ದನ್ನು ಹಳಬರ ಹಟ, ಹೊಸಬರ ಸೊಕ್ಕು ಎಂದು ಷರಾ ಬರೆದು ಮುಗಿಸುವುದು ಸುಲಭ. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ದುಡಿದ ನನಗೆ ಅದು ಒಪ್ಪಿಗೆಯಿಲ್ಲ. ರಾಯರಿಗೆ ಆಗ ಐವತ್ತೇಳು, ಹುಡುಗನಿಗೆ ಇಪ್ಪತ್ತನಾಲ್ಕು. ಹನ್ನೊಂದು ಜನರ ಶಾಖೆಯಲ್ಲಿ ಮೂವತ್ತೈದರಿಂದ ಐವತ್ತರೊಳಗಿನವರು ಒಬ್ಬರೂ ಇರಲಿಲ್ಲ.

ಅವರು ಎಲ್ಲಿ ಹೋದರು? ಅವರನ್ನು ತೆಗೆದುಕೊಂಡೇ ಇರಲಿಲ್ಲ. ತೊಂಬತ್ತರ ದಶಕದಲ್ಲಿ ಸರ್ಕಾರಿ ಬ್ಯಾಂಕುಗಳ ನೇಮಕಾತಿ ತೀರಾ ಬತ್ತಿಹೋಯಿತು. 2000–01ರ ಸ್ವಯಂ ನಿವೃತ್ತಿ ಯೋಜನೆಯಲ್ಲಿ ಸುಮಾರು ಒಂದು ಲಕ್ಷ ನೌಕರರು ಹೊರನಡೆದರು. 2001ರಲ್ಲಿ ಬ್ಯಾಂಕಿಂಗ್ ಸೇವಾ ನೇಮಕಾತಿ ಮಂಡಳಿಗಳನ್ನೇ ಮುಚ್ಚಿದರು. 2011ರಲ್ಲಿ ಐಬಿಪಿಎಸ್ ಸಂಸ್ಥೆ ನಡೆಸುವ ಸಾಮಾನ್ಯ ನೇಮಕಾತಿ ಪರೀಕ್ಷೆ ಶುರುವಾಗಿ ಹುಡುಗ ಹುಡುಗಿಯರು ತಂಡತಂಡವಾಗಿ ಬರುವ ಹೊತ್ತಿಗೆ ನಮ್ಮ ಕಾಲದವರು ನಿವೃತ್ತಿಯ ದಿನ ಎಣಿಸುತ್ತಿದ್ದರು. ಅಪ್ಪನೂ ಮಗನೂ ಇರುವ ಮನೆಯಲ್ಲಿ ಅಣ್ಣನೇ ಇಲ್ಲದಂತಾಯಿತು.

ಆ ಅಣ್ಣ ಎಂಥವನೆಂದು ನನಗೆ ಗೊತ್ತು. 1983ರಲ್ಲಿ ನಾನು ಗುಮಾಸ್ತನಾಗಿ ಸೇರಿದಾಗ ನನಗಿಂತ ಎಂಟು ವರ್ಷ ದೊಡ್ಡವರಾದ ಭಟ್ಟರು ಪಕ್ಕದ ಕುರ್ಚಿಯಲ್ಲಿದ್ದರು. ತಿಂಗಳ ಕೊನೆಗೆ ಲೆಡ್ಜರ್ ಬ್ಯಾಲೆನ್ಸ್ ತಾಳೆಯಾಗದೆ ರಾತ್ರಿ ಒಂಬತ್ತಾಗಿತ್ತು, ನನಗೆ ಅಳುವೇ ಬಂದಿತ್ತು. “ವ್ಯತ್ಯಾಸ ಎಷ್ಟೋ?” ಅಂದರು. ಇಪ್ಪತ್ತೇಳು ರೂಪಾಯಿ. “ಒಂಬತ್ತರಿಂದ ಭಾಗ ಹೋಗುತ್ತೆ, ಎಲ್ಲೋ ಅಂಕಿ ಅದಲುಬದಲಾಗಿದೆ, ಹುಡುಕು.” 52 ಬರೆಯಬೇಕಾದಲ್ಲಿ 25 ಬರೆದಿದ್ದೆ. ಭಟ್ಟರ ಹತ್ತಿರ ದಡ್ಡ ಪ್ರಶ್ನೆ ಕೇಳಲು ನಾಚಿಕೆಯಾಗುತ್ತಿರಲಿಲ್ಲ. ಬೈದರೂ ಮನಸ್ಸಿಗೆ ನಾಟುತ್ತಿರಲಿಲ್ಲ. ಅಪ್ಪನ ವಯಸ್ಸಿನವರನ್ನು ಹಾಗೆ ಕೇಳುವುದು ಕಷ್ಟ, ಮಗನ ವಯಸ್ಸಿನವನನ್ನು ಕೇಳುವುದು ಇನ್ನೂ ಕಷ್ಟ. ನಾನೇ ಅದಕ್ಕೆ ಸಾಕ್ಷಿ. ಒಬ್ಬರು ನಮೂದಿಸಿ ಇನ್ನೊಬ್ಬರು ಅನುಮೋದಿಸಬೇಕಾದ ಕಡೆ, ಕಂಪ್ಯೂಟರ್ ಸರಿಯಾಗಿ ಬಾರದೆಂದು ಹೇಳಿಕೊಳ್ಳಲಾಗದೆ, ನನ್ನ ಪಾಸ್‌ವರ್ಡನ್ನೇ ಹುಡುಗರ ಕೈಗೆ ಕೊಟ್ಟು ಕೂತಿದ್ದೆ. ಏನಾದರೂ ಆಗಿದ್ದರೆ ಅವರ ಭವಿಷ್ಯವೂ ಹೋಗುತ್ತಿತ್ತು. ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ರಾಯರು ಮತ್ತು ಹುಡುಗನ ನಡುವಿನ ಬಿಗು ಸಡಿಲಾದದ್ದು ಮರುವರ್ಷ. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾಗಿ, 10ರ ಬೆಳಿಗ್ಗೆ ಬಾಗಿಲು ತೆರೆದಾಗ ಸಾಲು ಬಸ್‌ಸ್ಟ್ಯಾಂಡಿನವರೆಗೆ ಬೆಳೆದಿತ್ತು. ಮಧ್ಯಾಹ್ನಕ್ಕೆ ಎಣಿಸುವ ಯಂತ್ರ ಕೆಟ್ಟಿತು. ರಾಯರು ಒದ್ದೆ ಸ್ಪಂಜಿಗೆ ಬೆರಳು ತಾಗಿಸಿ ಎಣಿಸುತ್ತ ಹೋದರು, ಹುಡುಗ ಗುರುತಿನ ಚೀಟಿ ನೋಡಿ ನಮೂದಿಸುತ್ತ ಹೋದ. ಸಂಜೆಯ ಹೊತ್ತಿಗೆ, ಕಣ್ಣು ಮುಚ್ಚಿ ಸವರಿದರೂ ಖೋಟಾ ನೋಟು ಹೇಗೆ ತಿಳಿಯುತ್ತದೆಂದು ರಾಯರು ಅವನ ಬೆರಳು ಹಿಡಿದು ತೋರಿಸುತ್ತಿದ್ದರು. ರಾತ್ರಿ ಅವರ ಮನೆಯಿಂದ ಬಂದ ಬುತ್ತಿಯಲ್ಲಿ ಅವನಿಗೂ ಪಾಲಿತ್ತು.

ಒಟ್ಟಿಗೆ ಉಂಡರೂ ತೀರದ ಒಂದು ಮಾತಿದೆ. ಹಳಬರಿಗೆ 1995ರ ನಿಯಮಾವಳಿಯ ಪಿಂಚಣಿ. 33 ವರ್ಷ ಸೇವೆಯಾಗಿದ್ದರೆ ಕೊನೆಯ 10 ತಿಂಗಳ ಸರಾಸರಿ ವೇತನದ ಅರ್ಧ, ಜೀವ ಇರುವವರೆಗೆ. 2010ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ. ಸಂಬಳದಿಂದ ಕಡಿತವಾಗುವ ಹಣ, ಬ್ಯಾಂಕ್ ಸೇರಿಸುವ ಹಣ, ಅದರ ಮೇಲೆ ಮಾರುಕಟ್ಟೆ ಕೊಟ್ಟಷ್ಟು. ಒಂದೇ ಕೌಂಟರು, ಎರಡು ಬಗೆಯ ಮುಪ್ಪು. ಹೀಗೆಂದು ಬ್ಯಾಂಕುಗಳೂ ನೌಕರ ಸಂಘಗಳೂ ಮಾಡಿಕೊಂಡ 2010ರ ಒಪ್ಪಂದಕ್ಕೆ ಸಹಿ ಬಿದ್ದಾಗ, ಮೊದಲು ಪಿಂಚಣಿ ಬೇಡವೆಂದಿದ್ದ ನಮಗೂ ಅದನ್ನು ಆಯ್ದುಕೊಳ್ಳುವ ಇನ್ನೊಂದು ಅವಕಾಶ ಸಿಕ್ಕಿತೆಂದು ಹಿಗ್ಗಿದವರು ಬಹಳ. ಮುಂದೆ ಬರಲಿರುವವರ ಪರವಾಗಿ ಆಗ ನಾನು ಒಂದು ಮಾತೂ ಆಡಲಿಲ್ಲ.

2020ರಲ್ಲಿ ನಿವೃತ್ತನಾದೆ. ಹೋದ ನವೆಂಬರಿನಲ್ಲಿ ನಾನು ಬದುಕಿದ್ದೇನೆಂದು ಬರೆದುಕೊಡಲು ಶಾಖೆಗೆ ಹೋದಾಗ ಕೌಂಟರಿನಲ್ಲಿ ಹೊಸ ಹುಡುಗಿಯೊಬ್ಬಳಿದ್ದಳು. ನಾನೂ ಬ್ಯಾಂಕಿನವನೆಂದು ತಿಳಿದು ಎದ್ದುನಿಂತು ನಮಸ್ಕರಿಸಿದಳು. ಅರ್ಜಿಯ ಮೇಲೆ ಸಹಿ ಹೊಂದಿಸಿ ನೋಡುತ್ತ, ದನಿ ತಗ್ಗಿಸಿ ಕೇಳಿದಳು: “ಸರ್, ತಪ್ಪು ತಿಳೀಬೇಡಿ. ನಿಮಗೆ ಪೆನ್ಷನ್ ಎಷ್ಟು ಬರುತ್ತೆ?”

ಹೇಳಿದೆ. ಆಕೆ ಒಂದು ಕ್ಷಣ ಪರದೆಯನ್ನೇ ನೋಡಿದಳು. ಆಮೇಲೆ ಮೊಹರು ಒತ್ತಿ, ರಸೀದಿ ಹರಿದು ನನ್ನ ಕೈಗಿಟ್ಟಳು.